ಆಮೆಯ ಸೀನು

‘ತೇನ ವಿನಾ ತೃಣಮಪಿ ನ ಚಲತಿ’ ಎಂಬ ಮಾತು ನನಗೆ ಪೂರ್ತಿ ಮನವರಿಕೆಯಾದದ್ದು ಮಕ್ಕಳ ಅನಿಮೇಷನ್ ಧಾರಾವಾಹಿಯೊಂದರಲ್ಲಿ ನಿರ್ಮಾಣ ಸಂಯೋಜಕನ ಕೆಲಸಕ್ಕೆ ಸೇರಿದ ಮೇಲೆ. ಅಲ್ಲಿ ಒಂದು ಹುಲ್ಲುಕಡ್ಡಿ ಅಲುಗಬೇಕಾದರೆ ಒಬ್ಬರು ಅದನ್ನು ಬರೆಯಬೇಕು, ಇನ್ನೊಬ್ಬರು ಬಣ್ಣ ಕೊಡಬೇಕು, ಮತ್ತೊಬ್ಬರು ಅದರೊಳಗೆ ಬಾಗುವ ಕೀಲುಗಳನ್ನು ಕೂರಿಸಬೇಕು, ನಾಲ್ಕನೆಯವರು ಅಲುಗಿಸಬೇಕು. ಇಷ್ಟೆಲ್ಲ ಆದ ಮೇಲೆ ನಿರ್ದೇಶಕರು ನೋಡಿ, ‘ಗಾಳಿ ಸ್ವಲ್ಪ ಜಾಸ್ತಿಯಾಯಿತು’ ಎನ್ನಬೇಕು.

ಹನ್ನೊಂದು ನಿಮಿಷದ 52 ಕಂತುಗಳು ಸೇರಿದರೆ ಒಂದು ಸೀಸನ್ ಎನ್ನುವುದು ಈ ಉದ್ಯಮದಲ್ಲಿ ರೂಢಿಯಲ್ಲಿರುವ ಲೆಕ್ಕಗಳಲ್ಲೊಂದು. ಸೆಕೆಂಡಿಗೆ 25 ಫ್ರೇಮಿನಂತೆ ಒಂದು ಕಂತಿಗೆ 16,500 ಫ್ರೇಮುಗಳು, ಇಡೀ ಸೀಸನ್ನಿಗೆ 8,58,000. ಕ್ಯಾಮೆರಾ ಹಿಡಿದು ಚಿತ್ರ ತೆಗೆಯುವವರಿಗೆ ಆಕಾಶ, ಮರ, ಧೂಳು, ದಾರಿಹೋಕರು ಎಲ್ಲವೂ ಕೇಳದೆಯೇ ಒದಗುತ್ತವೆ. ನಮ್ಮಲ್ಲಿ ನೆರಳು ಕೂಡ ಬೀಳೆಂದು ಹೇಳಿದರೆ ಮಾತ್ರ ಬೀಳುತ್ತದೆ.

ಇದನ್ನು ಅರಿಯದವರು, ಅಥವಾ ಅರಿತೂ ಲೆಕ್ಕಕ್ಕೆ ತೆಗೆದುಕೊಳ್ಳದವರು, ಕಥೆ ಬರೆಯುವವರು. ನಮ್ಮ ಧಾರಾವಾಹಿಯ ನಾಯಕ ಒಂದು ಅಳಿಲು, ಅದರ ಜೀವದ ಗೆಳೆಯ ಒಂದು ಆಮೆ. ಆರಂಭದ ಕಂತೊಂದರ ಚಿತ್ರಕಥೆಯಲ್ಲಿ ‘ಧೋ ಎಂದು ಮಳೆ ಸುರಿಯಿತು, ಕಾಡಿನ ಪ್ರಾಣಿಗಳೆಲ್ಲ ನೆನೆದು ತೊಪ್ಪೆಯಾಗಿ ಓಡಿಬಂದವು’ ಎಂಬ ಸಾಲು ಬಂತು. ಬರೆದವರಿಗೆ ಅದು ಒಂದು ಗುಟುಕು ಕಾಫಿಯಷ್ಟು ಹೊತ್ತಿನ ಕೆಲಸ. ಆದರೆ ಮಳೆಯೆಂದರೆ ಹನಿಗಳು, ಹನಿ ಬಿದ್ದಲ್ಲಿ ಏಳುವ ಉಂಗುರಗಳು, ಕೆಸರು, ಕೆಸರಿನಲ್ಲಿ ಮೂಡುವ ಹೆಜ್ಜೆಗಳು. ನೆನೆದ ಪ್ರಾಣಿಯೆಂದರೆ ತುಪ್ಪಳ ಮೈಗಂಟಿದ ಮತ್ತೊಂದು ಮಾದರಿ, ಅದಕ್ಕೆ ಬೇರೆ ಬಣ್ಣ, ಬೇರೆ ಹೊಳಪು. ‘ಎಲ್ಲ ಎಂದರೆ ಎಷ್ಟು ಪ್ರಾಣಿಗಳು ಸಾರ್?’ ಎಂದು ಕೇಳಿದಾಗ ಅವರು ಬಹಳ ಔದಾರ್ಯದಿಂದ ‘ಎಷ್ಟಾದರೂ ಹಾಕಿಕೊಳ್ಳಿ’ ಎಂದರು. ಸಭೆಯ ಮೇಲೆ ಸಭೆ ನಡೆದು, ಸಾಲು ಕೊನೆಗೆ ‘ಮಳೆ ಆಗತಾನೇ ನಿಂತಿತ್ತು, ಅಳಿಲು ಮತ್ತು ಆಮೆ ಮರದಡಿ ನಿಂತಿದ್ದವು, ಉಳಿದವರು ಮನೆಯೊಳಗಿದ್ದರು’ ಎಂಬ ರೂಪಕ್ಕೆ ಬಂತು. ಅಂದಿನಿಂದ ನಮ್ಮ ಕಾಡಿನಲ್ಲಿ ಮಳೆ ಸುರಿದದ್ದನ್ನು ಕಂಡವರಿಲ್ಲ. ಯಾವಾಗ ನೋಡಿದರೂ ಅದು ಆಗತಾನೇ ನಿಂತಿರುತ್ತದೆ.

ಅಪ್ಪಿಕೊಳ್ಳುವುದೂ ಹೀಗೆಯೇ ನಿಂತುಹೋಯಿತು. ಕಂಪ್ಯೂಟರಿನೊಳಗಿನ ದೇಹಗಳಿಗೆ ಒಂದನ್ನೊಂದು ತಡೆಯುವ ಸ್ವಭಾವವಿಲ್ಲವಾದ್ದರಿಂದ, ಅಳಿಲು ಪ್ರೀತಿಯಿಂದ ಆಮೆಯನ್ನು ತಬ್ಬಿದ ಮೊದಲ ಸಲ ಅದರ ಎರಡೂ ಕೈಗಳು ಚಿಪ್ಪಿನೊಳಗೆ ಇಳಿದು ಹೊಟ್ಟೆಯ ಕಡೆಯಿಂದ ಹೊರಬಂದವು. ಸರಿಪಡಿಸಲು ತಗಲುವ ಕಾಲವನ್ನು ಲೆಕ್ಕ ಹಾಕಿದ ಮೇಲೆ, ಎಂಥ ಗಾಢ ಸ್ನೇಹವಿದ್ದರೂ ಅದನ್ನು ದೂರದಿಂದ ಕೈಬೀಸಿಯೇ ತೋರಿಸತಕ್ಕದ್ದೆಂದು ತೀರ್ಮಾನವಾಯಿತು. ಇಂಥ ಜಾಣತನದಲ್ಲಿ ನಮಗೆ ಹಿರಿಯರಿದ್ದಾರೆ. 1957ರಲ್ಲಿ ಆರಂಭವಾದ ಅಮೆರಿಕದ ಹಾನಾ-ಬಾರ್ಬೆರಾ ಸಂಸ್ಥೆಯವರು ತಮ್ಮ ಪ್ರಾಣಿಪಾತ್ರಗಳ ಕೊರಳಿಗೆ ಕಾಲರ್ ಮತ್ತು ಟೈ ಕಟ್ಟಿದ್ದು ಶೋಕಿಗಾಗಿ ಅಲ್ಲ. ಮೈಯ ಚಿತ್ರವನ್ನು ಹಾಗೆಯೇ ಇಟ್ಟು ತಲೆಯನ್ನಷ್ಟೇ ಹೊಸದಾಗಿ ಬರೆದರೆ ಕೂಡಿಸಿದ ಗೆರೆ ಕಾಣಬಾರದೆಂಬ ಉಳಿತಾಯದ ಉಪಾಯ ಅದು.

ವಾಹಿನಿಯ ಕಡೆಯಿಂದ ಮಕ್ಕಳ ಸುರಕ್ಷತೆಯನ್ನು ನೋಡಿಕೊಳ್ಳುವ ವಿಭಾಗದವರ ಟಿಪ್ಪಣಿಗಳು ಬರುತ್ತಿದ್ದವು. ಅಳಿಲು ಸೈಕಲ್ ತುಳಿಯುವಾಗ ಹೆಲ್ಮೆಟ್ ಇರಲೇಬೇಕೆಂದರು, ನ್ಯಾಯವೇ. ಹೆಲ್ಮೆಟ್ ತೊಡಿಸಿದರೆ ಕಿವಿಗಳು ಅದನ್ನು ತೂರಿಕೊಂಡು ಮೇಲೆ ಬಂದವು. ಕಿವಿಗೆ ತೂತು ಬಿಟ್ಟರೆ ತೂತಿರುವ ಹೆಲ್ಮೆಟ್ ಸುರಕ್ಷಿತವಲ್ಲವೆಂದು ಮರುಟಿಪ್ಪಣಿ ಬಂತು. ಅದರ ಬೆನ್ನಿಗೇ, ನಾಯಕ ಪಾತ್ರವು ಹಿರಿಯರ ಸಹಾಯವಿಲ್ಲದೆ ಮರ ಹತ್ತುವುದನ್ನು ಮಕ್ಕಳು ಅನುಕರಿಸಬಹುದಾದ್ದರಿಂದ ಅದನ್ನು ಮರುಪರಿಶೀಲಿಸಬೇಕೆಂಬ ಸೂಚನೆಯೂ ಬಂತು. ನಾಯಕ ಅಳಿಲು ಎಂಬುದನ್ನು ನಾವು ವಿನಯದಿಂದ ನೆನಪಿಸಿದೆವು. ‘ಹಾಗಿದ್ದರೆ ನಿಧಾನವಾಗಿ ಹತ್ತಲಿ’ ಎಂದು ಉತ್ತರ ಬಂತು.

ಅವರನ್ನು ನಕ್ಕು ತಳ್ಳಿಹಾಕುವಂತಿಲ್ಲ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪ್ರಸಾರವಾದ ಪೋಕೆಮಾನ್ ಕಂತೊಂದರಲ್ಲಿ ಕೆಂಪು ಮತ್ತು ನೀಲಿ ಬೆಳಕು ವೇಗವಾಗಿ ಮಿನುಗಿ, ಸುಮಾರು 685 ಮಂದಿಯನ್ನು, ಹೆಚ್ಚಿನವರು ಮಕ್ಕಳೇ, ಆಸ್ಪತ್ರೆಗೆ ಸಾಗಿಸಬೇಕಾಯಿತು. ಪರದೆಯ ಕಾಲುಭಾಗಕ್ಕಿಂತ ದೊಡ್ಡ ಜಾಗದಲ್ಲಿ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಬೆಳಕು ಮಿನುಗಬಾರದೆಂಬ ನಿಯಮಕ್ಕೆ ಇಂದು ಇಷ್ಟು ಬಿಗಿ ಬಂದಿರುವುದಕ್ಕೆ ಆ ಘಟನೆಯೂ ಕಾರಣ. ಪ್ರಸಾರಕ್ಕೆ ಮುಂಚೆ ಕಂತುಗಳನ್ನು ಅಳೆಯುವ ತಂತ್ರಾಂಶವೇ ಇದೆ. ನಮ್ಮ ಮಿಂಚುಹುಳುಗಳ ಹಬ್ಬದ ಕಂತು ಆ ಪರೀಕ್ಷೆಯಲ್ಲಿ ನಪಾಸಾಯಿತು. ಇಡೀ ಕಾಡು ಒಟ್ಟಿಗೆ ಮಿನುಗಬೇಕೆಂಬ ನಿರ್ದೇಶಕರ ಆಸೆ ಅಲ್ಲಿಗೆ ಮುಗಿದು, ಹುಳುಗಳೆಲ್ಲ ಬೀದಿದೀಪಗಳಂತೆ ಒಂದೇ ಸಮನೆ ಉರಿಯತೊಡಗಿದವು.

ಒಂದು ಕಂತು ರೀಟೇಕಿನಲ್ಲಿರುವಾಗ ಇನ್ನೊಂದು ಬಣ್ಣ ಕಾಣುತ್ತಿರುತ್ತದೆ, ಮತ್ತೊಂದನ್ನು ಇನ್ನೂ ಬರೆಯುತ್ತಿರುತ್ತಾರೆ. ಎಲ್ಲಿ ಏನಿದೆ ಎಂಬ ಪಟ್ಟಿ ಇಡುವುದು ನನ್ನ ಕೆಲಸ. ರಾತ್ರಿಯಿಡೀ ರೆಂಡರ್ ಆದ, ಅಂದರೆ ಕಂಪ್ಯೂಟರು ಫ್ರೇಮು ಫ್ರೇಮಾಗಿ ಅಂತಿಮ ಚಿತ್ರವಾಗಿಸಿದ ದೃಶ್ಯವನ್ನು ಬೆಳಿಗ್ಗೆ ತೆರೆದರೆ, ಬಣ್ಣದ ಫೈಲುಗಳು ಸಿಗದೆ ಮರಗಳೆಲ್ಲ ಕಡುಗುಲಾಬಿಯಾಗಿ ನಿಂತಿರುತ್ತಿದ್ದವು. ಇನ್ನೊಂದು ದೃಶ್ಯದ ಹಿನ್ನೆಲೆಯಲ್ಲಿ ಯಾರೂ ಚಲನೆ ಕೊಡದ ಕಪ್ಪೆಯೊಂದು, ಹುಟ್ಟಿದ ಭಂಗಿಯಲ್ಲೇ ಎರಡೂ ಕೈ ಚಾಚಿ ನಿಂತಿತ್ತು. ನಮ್ಮಲ್ಲಿ ಎಲ್ಲರ ಕಣ್ಣು ತಪ್ಪಿಸಿದ ಅದನ್ನು ಕಂಡು ವಾಹಿನಿಯವರು, ‘ಕಪ್ಪೆ ವಿಮಾನದಾಟ ಆಡುತ್ತಿರುವುದು ಕಥೆಯ ಭಾಗವೇ?’ ಎಂದು ಕೇಳಿದರು.

ಇನ್ನು ಧ್ವನಿಯ ಪ್ರಕರಣ. ಅಳಿಲಿಗೆ ಮಾತು ಕೊಡುತ್ತಿದ್ದ ಹುಡುಗನ ಧ್ವನಿ ಸೀಸನ್ನಿನ ನಡುವೆ ಒಡೆದು, ‘ಬಂದೆ ಗೆಳೆಯಾ’ ಎಂಬ ಕೂಗು ಕರಡಿಯ ಗುಹೆಯಿಂದ ಬಂದಂತಾಯಿತು. ಜಪಾನಿನ ಡೋರೇಮಾನ್‌ಗೆ ನೊಬುಯೊ ಓಯಾಮಾ ಎಂಬ ಮಹಿಳೆ 1979ರಿಂದ 2005ರವರೆಗೆ ಧ್ವನಿ ಕೊಟ್ಟರೆಂದು ಧ್ವನಿಮುದ್ರಕರು ಉದಾಹರಿಸಿದ ಮೇಲೆ ನಮ್ಮಲ್ಲೂ ಹಿರಿಯ ಕಲಾವಿದೆಯೊಬ್ಬರು ಬಂದರು, ಅಳಿಲು ಚೇತರಿಸಿಕೊಂಡಿತು.

ಆಮೆಯ ಕಥೆ ಅಷ್ಟು ಸುಲಭದಲ್ಲಿ ಮುಗಿಯಲಿಲ್ಲ. ಚಲನೆಯ ಕೆಲಸ ಶುರುವಾಗುವ ಮೊದಲು, ಕಥೆಯನ್ನು ದೃಶ್ಯ ದೃಶ್ಯವಾಗಿ ಬಿಡಿಸಿದ ಸ್ಟೋರಿಬೋರ್ಡಿನ ಚಿತ್ರಗಳನ್ನು ಮಾತಿನೊಂದಿಗೆ ಪೋಣಿಸಿ ಅನಿಮ್ಯಾಟಿಕ್ ಎಂಬ ಕರಡನ್ನು ಮಾಡುತ್ತಾರೆ. ನಟರು ಸಿಗದಿದ್ದಾಗ ಅದಕ್ಕೆ ಕಚೇರಿಯ ಯಾರಾದರೊಬ್ಬರು ತಾತ್ಕಾಲಿಕವಾಗಿ ಓದಿಕೊಡುತ್ತಾರೆ. ನೆಗಡಿಯಲ್ಲಿದ್ದ ನಾನು ಆಮೆಯ ಮಾತುಗಳನ್ನು ಓದುತ್ತ ಎರಡು ಸಾಲುಗಳ ನಡುವೆ ಸೀನಿದೆ. ಮತ್ತೊಮ್ಮೆ ಓದುತ್ತೇನೆಂದರೆ, ತಾತ್ಕಾಲಿಕ ತಾನೇ, ಇರಲಿ ಎಂದರು. ಅದನ್ನು ಕೇಳಿಸಿಕೊಂಡ ಸ್ಟೋರಿಬೋರ್ಡ್ ಕಲಾವಿದರು ಆಮೆ ಸೀನುವ ಚಿತ್ರಗಳನ್ನೇ ಬರೆದರು, ನಿರ್ದೇಶಕರು ಬಿದ್ದುಬಿದ್ದು ನಕ್ಕರು, ಅನಿಮೇಟರ್ ಒಬ್ಬರು ಅದರ ಮೇಲೆ ಪ್ರಾಣವನ್ನೇ ಸುರಿದರು: ಮೊದಲು ಮೂಗಿನ ಹೊಳ್ಳೆ ಅರಳುತ್ತದೆ, ಕಣ್ಣು ಕಿರಿದಾಗುತ್ತವೆ, ಸೀನಿದ ರಭಸಕ್ಕೆ ತಲೆ ಸರಕ್ಕನೆ ಒಳಗೆ ಹೋಗಿ ಚಿಪ್ಪು ಹಿಂದಕ್ಕೆ ಜಾರುತ್ತದೆ, ಸ್ವಲ್ಪ ಹೊತ್ತಿನ ಮೇಲೆ ಮೂಗಿನ ತುದಿಯಷ್ಟೇ ಹೊರಗಿಣುಕಿ ಸುತ್ತ ನೋಡುತ್ತದೆ. ಆಮೆಯ ನಿಜವಾದ ನಟರು ಬಂದು, ರಂಗಭೂಮಿಯ ಅನುಭವವನ್ನೆಲ್ಲ ಒಟ್ಟುಗೂಡಿಸಿ ಬಗೆಬಗೆಯಾಗಿ ಸೀನಿದರೂ ಒಂದೂ ಆ ಚಿತ್ರಕ್ಕೆ ಹೊಂದಲಿಲ್ಲ. ‘ಇವು ಸೀನಲ್ಲ ಸಾರ್, ಸಂಭಾಷಣೆ’ ಎಂದು ನಿರ್ದೇಶಕರು ಬೇಸರದಿಂದ ಹೇಳಿ ನನ್ನದನ್ನೇ ಉಳಿಸಿಕೊಂಡರು. ನನ್ನ ಸೀನಿನ ಮೇಲೆ ನನಗೆ ಯಾವ ಹಕ್ಕೂ ಇಲ್ಲವೆಂದು ನಾನು ಬರೆದುಕೊಡಬೇಕಾಯಿತು.

ಧಾರಾವಾಹಿಯನ್ನು ಬೇರೆ ಭಾಷೆಗಳಿಗೆ ಡಬ್ ಮಾಡಲು ಕೊಡುವಾಗ ಮಾತನ್ನು ತೆಗೆದು ಸಂಗೀತ ಮತ್ತು ಸದ್ದುಗಳ ಟ್ರ್ಯಾಕನ್ನು ಪ್ರತ್ಯೇಕವಾಗಿ ಕೊಡಬೇಕು. ಸೀನು ಮಾತೋ ಸದ್ದೋ ಎಂಬ ಪ್ರಶ್ನೆ ಆಗ ಎದ್ದಿತು. ಪಾತ್ರದ ಬಾಯಿಂದ ಬಂದದ್ದೆಲ್ಲ ಮಾತೇ ಎಂದು ಧ್ವನಿ ವಿಭಾಗದವರು ಪಟ್ಟು ಹಿಡಿದರು. ಇದು ಬಂದದ್ದು ಮೂಗಿನಿಂದ ಎಂದು ಸಂಕಲನಕಾರರು ವಾದಿಸಿದರು. ಪ್ರತಿ ಭಾಷೆಯಲ್ಲೂ ಮತ್ತೆ ಸೀನಿಸುವ ಖರ್ಚನ್ನು ಲೆಕ್ಕ ಹಾಕಿದ ನಿರ್ಮಾಪಕರು ಸದ್ದೆಂದು ತೀರ್ಪು ಕೊಟ್ಟರು. ಹಾಗಾಗಿ ಆಮೆ ಯಾವ ಭಾಷೆಯಲ್ಲಿ ಮಾತನಾಡಲಿ, ಸೀನುವುದು ಮಾತ್ರ ನನ್ನ ಮೂಗಿನಿಂದ. ಎರಡನೆಯ ಸೀಸನ್ನಿನ ಮೊದಲ ಚಿತ್ರಕಥೆ ಮೊನ್ನೆ ಬಂದಿದೆ; ಅದರಲ್ಲಿ ಆಮೆಗೆ ಕಂತಿನುದ್ದಕ್ಕೂ ನೆಗಡಿ. ಧ್ವನಿಮುದ್ರಣದ ದಿನ ಗೊತ್ತಾಗಿದೆ, ನನಗೆ ನೆಗಡಿಯಾಗುವ ಲಕ್ಷಣ ಕಾಣುತ್ತಿಲ್ಲ.