ಅಲುಗದ ಲಿವರ್, ರೂಢಿ ತಪ್ಪಿದ ಕೈ

ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ಬಳಿಯ ಗಾಲ್ಫ್ ಮೈದಾನದ ಪಕ್ಕ ಹಾದುಹೋಗುವಾಗಲೆಲ್ಲ ನನಗೆ 1990ರ ಫೆಬ್ರುವರಿ 14 ನೆನಪಾಗುತ್ತದೆ. ಅಂದು ಮಧ್ಯಾಹ್ನ ಒಂದು ಗಂಟೆ ದಾಟಿದ ಹೊತ್ತಿನಲ್ಲಿ ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೇ ವಿಮಾನ ಆ ಹಳೆಯ ನಿಲ್ದಾಣದ (ಎಚ್‌ಎಎಲ್) ರನ್‌ವೇಗೆ ಸೇರುವ ಮೊದಲೇ ಆ ಮೈದಾನಕ್ಕೆ ಬಡಿದು, ಪುಟಿದು, ಮಣ್ಣಿನ ದಿಬ್ಬಕ್ಕೆ ಅಪ್ಪಳಿಸಿ ಹೊತ್ತಿಕೊಂಡಿತು. ಅದರಲ್ಲಿದ್ದ 146 ಜನರಲ್ಲಿ 92 ಮಂದಿ ತೀರಿಕೊಂಡರು. ಆಕಾಶ ತಿಳಿಯಾಗಿತ್ತು, ಎಂಜಿನ್ ಕೆಟ್ಟಿರಲಿಲ್ಲ, ಏರ್‌ಬಸ್ ಎ320 ಆಗಿನ್ನೂ ಹೊಚ್ಚ ಹೊಸ ವಿಮಾನ.

ಆ ವಿಮಾನ ‘ಓಪನ್ ಡಿಸೆಂಟ್’ ಎಂಬ ಮೋಡ್‌ನಲ್ಲಿ ಇಳಿಯುತ್ತಿತ್ತು. ಆ ಮೋಡ್‌ನಲ್ಲಿ ಎಂಜಿನ್‌ಗಳು ತಾವಾಗಿಯೇ ಐಡಲ್‌ಗೆ, ಅಂದರೆ ಕನಿಷ್ಠ ಶಕ್ತಿಗೆ, ಬಂದುಬಿಡುತ್ತವೆ. ಮೂತಿಯನ್ನು ತಗ್ಗಿಸಿಯೇ ವೇಗ ಉಳಿಸಿಕೊಳ್ಳಬೇಕು. ರನ್‌ವೇ ಹತ್ತಿರವಾದಾಗ ಯಾವ ಪೈಲಟ್ ತಾನೇ ಮೂತಿಯನ್ನು ಇನ್ನಷ್ಟು ತಗ್ಗಿಸುತ್ತಾನೆ? ಮೂತಿ ಎತ್ತಿಯೇ ಇತ್ತು, ವೇಗ ಇಳಿಯುತ್ತ ಬಂತು, ಕೊನೆಗೆ ಬೇಕಾದ ವೇಗಕ್ಕಿಂತ 20ಕ್ಕೂ ಹೆಚ್ಚು ನಾಟ್ (ಒಂದು ನಾಟ್ ಗಂಟೆಗೆ ಸುಮಾರು 1.85 ಕಿ.ಮೀ.) ಕಡಿಮೆಯಾಯಿತು. ನಡುವೆ ಪೈಲಟ್‌ಗಳಿಗೆ ಮೋಡ್ ಸರಿಯಿಲ್ಲವೆಂಬುದು ಹೊಳೆದಿತ್ತು. ವಿಮಾನವನ್ನು ಹೇಗೆ ಹಾರಿಸಬೇಕೆಂದು ಪರದೆಯಲ್ಲಿ ದಾರಿ ತೋರುವ ಎರಡೂ ಫ್ಲೈಟ್ ಡೈರೆಕ್ಟರ್‌ಗಳನ್ನು ಆಫ್ ಮಾಡಿದ್ದರೆ, ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೊಥ್ರಸ್ಟ್ ತಾನಾಗಿ ವೇಗ ಕಾಯುವ ಮೋಡ್‌ಗೆ ಹೊರಳುತ್ತಿತ್ತು, ಆದರೆ ಆಫ್ ಆದದ್ದು ಒಂದೇ. ಕಡೆಗೆ ಎಂಜಿನ್‌ಗಳಿಗೆ ಪೂರ್ಣ ಶಕ್ತಿ ಬೇಕೆಂಬ ಆದೇಶ ಹೋದಾಗ, ಐಡಲ್‌ನಿಂದ ಮೇಲೇಳಲು ಜೆಟ್ ಎಂಜಿನ್‌ಗೆ ಬೇಕಾದ ಕೆಲವೇ ಸೆಕೆಂಡುಗಳು ಉಳಿದಿರಲಿಲ್ಲ.

ಈ ಇಡೀ ಪ್ರಸಂಗದಲ್ಲಿ ನನ್ನನ್ನು ಬಹುವಾಗಿ ಕಾಡುವುದು ಥ್ರಸ್ಟ್ ಲಿವರ್, ಎಂಜಿನ್ ಶಕ್ತಿಯನ್ನು ಹೆಚ್ಚುಕಡಿಮೆ ಮಾಡುವ ಹಿಡಿಕೆ. ಹಳೆಯ ವಿಮಾನಗಳಲ್ಲಿ ಯಂತ್ರವೇ ಎಂಜಿನ್ ಶಕ್ತಿಯನ್ನು ಇಳಿಸಿದರೂ ಲಿವರ್‌ಗಳು ತಾವಾಗಿ ಹಿಂದೆ ಸರಿಯುತ್ತಿದ್ದವು. ಅವುಗಳ ಮೇಲೆ ಕೈಯಿಟ್ಟವನಿಗೆ ನೋಡದೆಯೇ ವಿಷಯ ಗೊತ್ತಾಗುತ್ತಿತ್ತು. ಎ320ರಲ್ಲಿ ಆಟೊಥ್ರಸ್ಟ್ ಕೆಲಸ ಮಾಡುವಾಗ ಲಿವರ್‌ಗಳು ಇಟ್ಟಲ್ಲೇ ಇರುತ್ತವೆ. ಎಂಜಿನ್ ಏನು ಮಾಡುತ್ತಿದೆಯೆಂಬುದನ್ನು ಪರದೆಯ ಮೇಲೆ ಓದಿಯೇ ತಿಳಿಯಬೇಕು. ಆದರೂ ಇದನ್ನೇ ಏಕೈಕ ಅಪರಾಧಿಯೆಂದು ಹೇಳಲಾರೆ. 2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಷಿಯಾನಾದ 214ನೇ ವಿಮಾನ ಸಮುದ್ರದಂಚಿನ ತಡೆಗೋಡೆಗೆ ಬಡಿಯಿತು. ಅದು ಬೋಯಿಂಗ್ 777, ಅಲ್ಲಿ ಲಿವರ್ ಚಲಿಸುತ್ತದೆ. ಪೈಲಟ್ ತಾನೇ ಅದನ್ನು ಐಡಲ್‌ಗೆ ಎಳೆದಿದ್ದ, ಆಟೊಥ್ರಾಟಲ್ (ಬೋಯಿಂಗ್‌ನ ಆಟೊಥ್ರಸ್ಟ್) ತಾನಾಗಿ ಏನೂ ಮಾಡದ ‘ಹೋಲ್ಡ್’ ಸ್ಥಿತಿಗೆ ಹೋಗಿತ್ತು, ವೇಗ ಇಳಿದರೆ ಅದೇ ಎಚ್ಚೆತ್ತುಕೊಳ್ಳುತ್ತದೆಂದು ಆತ ನಂಬಿದ್ದ. 137 ನಾಟ್ ಇರಬೇಕಿದ್ದ ವೇಗ 103ಕ್ಕೆ ಬಿತ್ತು. ಆ ದಿನವೂ ಆಕಾಶ ತಿಳಿಯಾಗಿತ್ತು; ಇಳಿಜಾರು ತೋರುವ ರೇಡಿಯೊ ಸಂಕೇತ ಮಾತ್ರ ರನ್‌ವೇ ಕಾಮಗಾರಿಯ ಕಾರಣ ಬಂದ್ ಆಗಿತ್ತು. ಕಣ್ಣಳತೆಯಲ್ಲಿ ಇಳಿಸಬೇಕಾಗಿ ಬಂದದ್ದೇ ಒಂದು ಪರೀಕ್ಷೆಯಾಯಿತು.

ಆಟೊಪೈಲಟ್ ಬೇಡವೆನ್ನುವವನು ನಾನಲ್ಲ. 29,000 ಅಡಿಯ ಮೇಲೆ, ಒಂದರ ಮೇಲೊಂದು ಸಾಗುವ ವಿಮಾನಗಳ ನಡುವೆ 1,000 ಅಡಿಯ ಅಂತರವಷ್ಟೇ ಇರುವಲ್ಲಿ, ಗಂಟೆಗಟ್ಟಲೆ ಎತ್ತರ ಕಾಯುವ ಕೆಲಸಕ್ಕೆ ಮನುಷ್ಯನಿಗಿಂತ ಯಂತ್ರವೇ ಲೇಸು. ದೆಹಲಿಯ ಜನವರಿಯ ಮಂಜಿನಲ್ಲಿ ನಾನು ಕೂತ ವಿಮಾನವನ್ನು ಯಂತ್ರವೇ ಇಳಿಸಲಿ ಎಂದೇ ಬಯಸುತ್ತೇನೆ. ನನ್ನ ತಕರಾರು ಬೇರೆ: ಯಂತ್ರ ಕೈಬಿಡುವುದು ಸಾಮಾನ್ಯವಾಗಿ ಅತಿ ಕಠಿಣವಾದ ಗಳಿಗೆಯಲ್ಲಿ, ಆದರೆ ಪೈಲಟ್‌ಗೆ ಸುಲಭವಾದ ಗಳಿಗೆಯಲ್ಲೂ ಕೈಯಾಡಿಸುವ ಅವಕಾಶ ಇಲ್ಲವಾಗುತ್ತಿದೆ. 2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ ಏರ್ ಫ್ರಾನ್ಸ್ 447ರ ವೇಗ ಅಳೆಯುವ ಪಿಟೊ ಕೊಳವೆಗಳಲ್ಲಿ ಹಿಮ ಕಟ್ಟಿ ಆಟೊಪೈಲಟ್ ಬಿಟ್ಟುಕೊಟ್ಟಾಗ, ರಾತ್ರಿ, ಮೋಡ, 35,000 ಅಡಿ ಎತ್ತರ. ವೇಗದ ಮಾಪನ ಸುಮಾರು ಒಂದು ನಿಮಿಷದಲ್ಲಿ ಸರಿಹೋಯಿತು, ಆದರೆ ಅಷ್ಟರಲ್ಲಿ ಮೂತಿಯನ್ನು ಮೇಲಕ್ಕೆ ಎಳೆದಾಗಿತ್ತು, ರೆಕ್ಕೆಗಳು ಎತ್ತುವ ಬಲ ಕಳೆದುಕೊಳ್ಳುವ ‘ಸ್ಟಾಲ್’ ಬಗ್ಗೆ ಎಚ್ಚರಿಕೆ ಕೂಗುತ್ತಿದ್ದರೂ ಎಳೆತ ನಿಲ್ಲಲಿಲ್ಲ. ಆಟೊಪೈಲಟ್ ಕಳಚಿದ ನಾಲ್ಕೂವರೆ ನಿಮಿಷದೊಳಗೆ 228 ಜನ ಸಮುದ್ರದ ಪಾಲಾದರು. ಅಷ್ಟು ಎತ್ತರದಲ್ಲಿ ವಿಮಾನವನ್ನು ಕೈಯಿಂದ ಹಾರಿಸುವ ತರಬೇತಿಯೇ ಆ ಕಿರಿಯ ಪೈಲಟ್‌ಗಳಿಗೆ ಸಿಕ್ಕಿರಲಿಲ್ಲವೆಂದು ಫ್ರಾನ್ಸಿನ ತನಿಖಾ ಸಂಸ್ಥೆ ಬರೆಯಿತು.

ನೆಲದ ಮೇಲೆಯೇ ಹಾರಾಟವನ್ನು ಅನುಕರಿಸಿ ತರಬೇತಿ ಕೊಡುವ ಸಿಮ್ಯುಲೇಟರ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಇದೆ, ಅದು ಬೇಕೇ ಬೇಕು. ಆದರೆ ಆರು ತಿಂಗಳಿಗೊಮ್ಮೆ, ಇಂದು ಏನೋ ಒಂದು ಕೆಡಲಿದೆ ಎಂದು ಗೊತ್ತಿದ್ದು, ಪರೀಕ್ಷೆಯ ಹಿಂದಿನ ರಾತ್ರಿ ಓದಿಕೊಂಡು ಬಂದವನಂತೆ ಕೂರುವ ಪೈಲಟ್‌ಗೂ, ದಿನದ ನಾಲ್ಕನೆಯ ಹಾರಾಟದಲ್ಲಿ ದಣಿದು ಕೂತ ಅದೇ ಪೈಲಟ್‌ಗೂ ಅಜಗಜಾಂತರ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2013ರ ಜನವರಿಯಲ್ಲೇ, ಏಷಿಯಾನಾ ಅಪಘಾತಕ್ಕೆ ಆರು ತಿಂಗಳು ಮೊದಲು, ಸೂಕ್ತ ಸಂದರ್ಭಗಳಲ್ಲಿ ಕೈಯಿಂದ ಹಾರಿಸುವುದನ್ನು ಉತ್ತೇಜಿಸಿರೆಂದು ವಿಮಾನ ಕಂಪನಿಗಳಿಗೆ ಸೂಚಿಸಿತ್ತು. ಸೂಚನೆಯೇನೋ ಸರಿ. ಆದರೆ ಹಾರಾಟದ ಪ್ರತಿ ಕ್ಷಣವನ್ನೂ ದಾಖಲಿಸುವ ವ್ಯವಸ್ಥೆ ಇರುವಾಗ, ಕೈಯಿಂದ ಇಳಿಸಲು ಹೋಗಿ ವೇಗ ತುಸು ಹೆಚ್ಚುಕಡಿಮೆಯಾದರೆ ಮರುದಿನ ಆಫೀಸಿನಿಂದ ಕರೆ ಬರುತ್ತದೆಂಬ ಅಳುಕಿದ್ದವನು ಆಟೊಪೈಲಟ್ ಗುಂಡಿಯನ್ನೇ ಒತ್ತುತ್ತಾನೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಆದ್ದರಿಂದ ಉತ್ತೇಜನದ ಮಾತಿಗಿಂತ ಲೆಕ್ಕ ಬೇಕು. ಹವೆ ಚೆನ್ನಾಗಿರುವ, ದಟ್ಟಣೆ ಕಡಿಮೆಯಿರುವ ಹೊತ್ತಿನಲ್ಲಿ ಪ್ರತಿ ಪೈಲಟ್ ತಿಂಗಳಿಗೆ ಇಂತಿಷ್ಟು ಸಲ 10,000 ಅಡಿಯಿಂದ ಕೆಳಗೆ ಆಟೊಪೈಲಟ್ ಮತ್ತು ಆಟೊಥ್ರಸ್ಟ್ ಎರಡನ್ನೂ ತೆಗೆದು ಇಳಿಸಬೇಕು, ಪಕ್ಕದವರು ವೇಗವನ್ನು ಗಟ್ಟಿಯಾಗಿ ಹೇಳುತ್ತಿರಬೇಕು, ಆ ಹಾರಾಟದ ಸಣ್ಣಪುಟ್ಟ ಏರಿಳಿತಗಳನ್ನು ತಪ್ಪಿನ ಪಟ್ಟಿಗೆ ಸೇರಿಸಬಾರದು ಎಂದು ನಮ್ಮ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ನಿಯಮ ಮಾಡಿದರೆ, ತುಸು ಇಂಧನ ಹೆಚ್ಚು ಸುಟ್ಟೀತು, ಒಂದೆರಡು ಬಾರಿ ವಿಮಾನ ಕೊಂಚ ಒರಟಾಗಿ ಇಳಿದೀತು. ಹಿಂದಿನ ಸೀಟಿನಲ್ಲಿ ಕೂತ ನನಗೆ ಆ ಒರಟು ಇಳಿತದ ಬಗ್ಗೆ ಆಕ್ಷೇಪವಿಲ್ಲ.