ಒಂಚೂರು ಅಂದರೆ ಎಷ್ಟು ಗ್ರಾಂ?

ಇವತ್ತು ಬೆಳಿಗ್ಗೆ ತೂಕದ ಮಿಷನ್ ಆನ್ ಆಗಲಿಲ್ಲ.

ಮೈ ತೂಕದ್ದಲ್ಲ, ಅಡುಗೆಮನೆಯದು. ಎರಡು ಅಂಗೈ ಜೋಡಿಸಿದರೆ ಎಷ್ಟೋ ಅಷ್ಟಗಲದ ಬಿಳಿ ಹಲಗೆ. ಬಟನ್ ಒತ್ತಿದೆ. ಇನ್ನೊಂದು ಸಲ ಒತ್ತಿದೆ. ಎರಡು ಏಟು ಕೊಟ್ಟೆ. ತಿರುಗಿಸಿ ನೋಡಿದರೆ ಸೆಲ್ಲಿನ ಜಾಗ ಖಾಲಿ. ನಮ್ಮ ಮನೆಯಲ್ಲಿ ಇಲಿ ಇದೆ ನಿಜ. ಆದರೆ ಮುಚ್ಚಳ ತೆಗೆದು, ಸೆಲ್ ಕದ್ದು, ಮತ್ತೆ ಮುಚ್ಚಳ ಹಾಕಿ ಹೋಗುವಷ್ಟು ಶಿಸ್ತಿನ ಇಲಿ ಅಲ್ಲ.

“ಅವ್ವಾ, ಇದರ ಸೆಲ್ ಎಲ್ಲಿ?”

“ರಿಮೋಟಿಗೆ ಹಾಕೀನಿ ನೋಡಪ್ಪಾ. ನಿನ್ನೆ ರಾತ್ರಿ ಧಾರಾವಾಹಿ ಶುರುವಾಗೋ ಹೊತ್ತಿಗೆ ಸರಿಯಾಗಿ ಅದರ ಸೆಲ್ ಹೋಯ್ತು. ಒಂಚೂರು ಹೊತ್ತಿಗೆ ಅಂತ ತಗೊಂಡೆ.”

ಒಂಚೂರು! ಡಯಟ್ ಶುರು ಮಾಡಿ ಇವತ್ತಿಗೆ ಏಳನೇ ದಿನ. ಹಸಿವನ್ನು ಹೇಗೋ ತಡೆದುಕೊಂಡೆ. ಅವ್ವನ ಈ ‘ಒಂಚೂರು’ ಇದೆಯಲ್ಲ, ಇದನ್ನು ತಡೆದುಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಇದೆಲ್ಲ ಹತ್ತಿಕೊಂಡಿದ್ದು ಆಫೀಸಿನ ಆರೋಗ್ಯ ತಪಾಸಣೆಯಲ್ಲಿ. ಎತ್ತರ 168 ಸೆಂಟಿಮೀಟರ್, ತೂಕ 81.4 ಕೇಜಿ. ನರ್ಸಮ್ಮ ಟೇಪು ಹಿಡಿದು ಸೊಂಟ ಅಳೆಯಲು ಬಂದಾಗ ಉಸಿರು ಒಳಗೆ ಎಳೆದುಕೊಂಡು ನಿಂತೆ. ಅವರು ಇಂಥವರನ್ನು ಎಷ್ಟು ಜನರನ್ನು ನೋಡಿದ್ದಾರೋ, ಟೇಪು ಹಿಡಿದುಕೊಂಡೇ ಸುಮ್ಮನೆ ಕಾದರು. ಕೊನೆಗೆ ನಾನೇ ಸೋತು ಉಸಿರು ಬಿಟ್ಟೆ. 98. ನಮ್ಮ ದೇಶದ ಗಂಡಸರಿಗೆ 90 ದಾಟಬಾರದಂತೆ, ಹೆಂಗಸರಿಗೆ 80. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಲೆಕ್ಕದಲ್ಲೂ ನಮಗೆ ಕಟ್ಟುನಿಟ್ಟು ಜಾಸ್ತಿ. ಯುರೋಪಿನವರಿಗೆ 25ರವರೆಗೆ ಮಾಫಿ, ನಮಗೆ 23ಕ್ಕೇ ಗೆರೆ. ಅಷ್ಟೇ ತೂಕದ ಬಿಳಿಯರಿಗಿಂತ ನಮ್ಮ ಮೈಯಲ್ಲಿ ಕೊಬ್ಬು ಜಾಸ್ತಿ, ಅದೂ ಬೇರೆ ಜಾಗವೇ ಇಲ್ಲ ಎನ್ನುವಂತೆ ಹೊಟ್ಟೆಗೇ ಬಂದು ಕೂರುತ್ತದೆ. ನನ್ನದು ಹತ್ತಿರ ಹತ್ತಿರ 29. ಡಯಟಿಷಿಯನ್ ಮೇಡಂ ದಿನಕ್ಕೆ 1500 ಕ್ಯಾಲೊರಿ ಎಂದು ಒಂದು ಚೀಟಿ ಕೊಟ್ಟರು. ಹೆಂಡತಿ ಅದೇ ಸಂಜೆ ತೂಕದ ಮಿಷನ್ ತಂದಳು. ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿತು, ಬಾಗಿಲು ನನಗೆ ಮುಚ್ಚಿತು.

ನಾನಿರುವುದು ದಾವಣಗೆರೆಯಲ್ಲಿ ಎಂದರೆ ಕಾರಣ ನಿಮಗೇ ಗೊತ್ತಾಗುತ್ತದೆ. ಬೆಳಿಗ್ಗೆ ಆಫೀಸಿಗೆ ಹೋಗುವ ದಾರಿಯಲ್ಲಿ ಸೌದೆ ಒಲೆಯ ಹೊಗೆ, ಅದರ ಹಿಂದೆಯೇ ಕಾದ ಕಾವಲಿ ಮೇಲೆ ಬೆಣ್ಣೆ ಬಿದ್ದ ವಾಸನೆ. 1928ರ ಸುಮಾರಿಗೆ ಬೆಳಗಾವಿ ಕಡೆಯಿಂದ ಬಂದ ಚೆನ್ನಮ್ಮ ಎಂಬುವರು ಇಲ್ಲಿ ಮೊದಲು ರಾಗಿ ದೋಸೆಗೆ ಬೆಣ್ಣೆ ಹಾಕಿ ಕೊಡುತ್ತಿದ್ದರು, ಅಕ್ಕಿ ದೋಸೆ ಬಂದದ್ದು ಆಮೇಲೆ ಎಂದು ಊರಲ್ಲಿ ಹೇಳುತ್ತಾರೆ. ಊರಿನವರು ಬೆಣ್ಣೆ ಉಳಿಸಿಕೊಂಡು ರಾಗಿ ಬಿಟ್ಟರು. ನಮ್ಮ ಜನದ ಬುದ್ಧಿ ಎಷ್ಟು ಚುರುಕು ನೋಡಿ. ಈ ವಾರ ನಾನು ಆ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡು ಹೋದೆ. ಅದನ್ನೇ ವಾಕಿಂಗ್ ಎಂದು ಬರೆದುಕೊಂಡೆ.

ಸೋಮವಾರ ಮಧ್ಯಾಹ್ನ ಊಟಕ್ಕೆ ಕೂತೆ. ಚೀಟಿ ಇಂಗ್ಲಿಷಿನಲ್ಲಿತ್ತು: ರೈಸ್, 60 ಗ್ರಾಂ. ತಟ್ಟೆಯನ್ನು ಮಿಷನ್ ಮೇಲಿಟ್ಟು ಸೊನ್ನೆ ಮಾಡಿಕೊಂಡು ಅನ್ನ ಬಡಿಸಿಕೊಂಡೆ. ಅರವತ್ತು ಗ್ರಾಂ ಅಂದರೆ ಎಷ್ಟು ಎಂದುಕೊಂಡಿರಿ? ಮದುವೆ ಊಟದಲ್ಲಿ ಬಡಿಸುವವನು ಸೌಟು ಒದರುವಾಗ ಎಲೆಯ ಹೊರಗೆ ಬೀಳುತ್ತದಲ್ಲ, ಅಷ್ಟು. ನಾಲ್ಕು ತುತ್ತು. ಐದನೆಯದಕ್ಕೆ ಬೆರಳು ನೆಕ್ಕಬೇಕು.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಅಲ್ಲೋ, ಯಾರಾದ್ರೂ ಅನ್ನ ಅಳೀತಾರಾ? ಅಕ್ಕಿ ಅಳೀತಾರೆ.”

“ಅವ್ವಾ, ನಿನಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರು.”

ಮೂರು ದಿನ ಹಾಗೇ ತಿಂದೆ. ಬುಧವಾರ ಸಂಜೆ ಸ್ಕೂಟರ್ ಸ್ಟ್ಯಾಂಡ್ ಹಾಕುವಾಗ ಕಣ್ಣು ಕತ್ತಲೆ ಬಂದು ಕಾಂಪೌಂಡ್ ಹಿಡಿದು ನಿಂತೆ. ಮಗಳು ಪಿಯುಸಿ ಸೈನ್ಸ್. ಫ್ರಿಜ್ಜಿನ ಮುಂದೆ ನಿಂತು ಚೀಟಿ ಓದಿದವಳು, “ಅಪ್ಪಾ, ಕೆಳಗೆ ಬರೆದಿದ್ದು ನೋಡಿದ್ಯಾ?” ಎಂದಳು. ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ: ಎಲ್ಲ ತೂಕವೂ ಬೇಯಿಸುವ ಮುಂಚಿನದು.

ಅರವತ್ತು ಗ್ರಾಂ ಅಕ್ಕಿ ಬೆಂದರೆ ನೂರೈವತ್ತು ಗ್ರಾಂ ದಾಟಿ ಅನ್ನ ಆಗುತ್ತದೆ. ಸುಮಾರು 210 ಕ್ಯಾಲೊರಿ ಸಿಗಬೇಕಾದ ಕಡೆ ನಾನು 80ರಲ್ಲಿ ಮೂರು ದಿನ ಕಳೆದಿದ್ದೆ. ತಪ್ಪು ನನ್ನದಲ್ಲ, ಭಾಷೆಯದು. ಭತ್ತ, ಅಕ್ಕಿ, ಅನ್ನ ಎಂದು ನಮಗೆ ಮೂರು ಪದ ಇವೆ. ಭದ್ರಾ ನಾಲೆಯ ನೀರಿನಲ್ಲಿ ಭತ್ತ ಬೆಳೆಯುವ ಊರಿನವನು ನಾನು, ಗದ್ದೆಯಲ್ಲಿರುವುದನ್ನೂ ರೈಸ್, ತಟ್ಟೆಯಲ್ಲಿರುವುದನ್ನೂ ರೈಸ್ ಎನ್ನುವವರ ಚೀಟಿ ನಂಬಿ ಕೆಟ್ಟೆ.

ಅವ್ವ ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿ ಇತ್ತು. ಸುಮ್ಮನೆ ಒಂದು ಸಲ ನನ್ನ ಮುಖ ನೋಡಿ ಅನ್ನದ ಮೇಲೆ ತುಪ್ಪ ಸುರಿದಳು.

“ಅವ್ವಾ! ತುಪ್ಪ!”

“ಒಂಚೂರು ಹಾಕೀನಿ ಬಿಡು.”

ಅವತ್ತು ಛಲಕ್ಕೆ ಬಿದ್ದು, ಅವ್ವ ತುಪ್ಪ ಹಾಕುವ ಚಮಚದಲ್ಲಿ ಅವಳ ಕೈಯಿಂದಲೇ ಒಂದು ಬಟ್ಟಲಿಗೆ ‘ಒಂಚೂರು’ ಹಾಕಿಸಿ ತೂಗಿದೆ. 14 ಗ್ರಾಂ. ಕೊಬ್ಬು ಗ್ರಾಮಿಗೆ 9 ಕ್ಯಾಲೊರಿ. ಹದಿನಾಲ್ಕೊಂಬತ್ಲೆ ನೂರಿಪ್ಪತ್ತಾರು. ಮೂರು ದಿನ ನಾನು ಒಂದೊಂದು ಹೊತ್ತಿಗೆ ತಿಂದ ಅನ್ನಕ್ಕಿಂತ ಒಂಚೂರು ತುಪ್ಪದ ಕ್ಯಾಲೊರಿಯೇ ಜಾಸ್ತಿ! ಇನ್ನು ರೊಟ್ಟಿಗೆ ಒಂಚೂರು ಬೆಣ್ಣೆ, ಶೇಂಗಾ ಪುಡಿಗೆ ಒಂಚೂರು ಎಣ್ಣೆ, ಮಜ್ಜಿಗೆ ಕೊಡು ಅಂದರೆ ಅದರಲ್ಲಿ ತೇಲುವ ಒಂಚೂರು ಕೆನೆ.

ಅವ್ವನ ಒಂಚೂರಿಗೆ ಇಷ್ಟೇ ಎಂದು ಇಲ್ಲ. “ಒಂಚೂರು ಜೋಳ ಐತೆ, ಗಿರಣಿಗೆ ಕೊಟ್ಟು ಬಾ” ಎಂದರೆ ಹತ್ತು ಕೇಜಿ. “ಒಂಚೂರು ದೂರ ನಡೆದ್ರೆ ಅವರ ಮನೆ” ಎಂದರೆ ಆಟೋ ಹಿಡಿಯಬೇಕು. ಪಕ್ಕದ ಮನೆಯವರ ಜೊತೆ ಒಂಚೂರು ಮಾತಾಡಿ ಬಂದರೆ ಸಾರು ತಳ ಹಿಡಿದಿರುತ್ತದೆ. “ಒಂಚೂರು ಮೊಣಕಾಲು ನೋಯ್ತೈತೆ” ಎಂದ ದಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ, ಇಷ್ಟು ದಿನ ಹೇಗೆ ನಡೆದಾಡಿದ್ರಿ ಎಂದು ಅವರು ನನ್ನ ಮೇಲೆ ರೇಗಿದ್ದರು. ಮೆಟ್ರಿಕ್ ತೂಕದ ಕಾನೂನು ದೇಶಕ್ಕೆ ಬಂದದ್ದು 1956ರಲ್ಲಿ. ನಮ್ಮ ಅಡುಗೆಮನೆಗೆ ಬಂದದ್ದು ಹೋದ ಸೋಮವಾರ. ಬಂದ ಮೂರೇ ದಿನಕ್ಕೆ ಅದಕ್ಕೂ ಒಂಚೂರಿಗೂ ಜಗಳ.

ಜಗಳದಲ್ಲಿ ಗೆದ್ದಿದ್ದು ಯಾರು ಎಂದು ಗುರುವಾರ ರಾತ್ರಿ ಗೊತ್ತಾಯಿತು.

ಬುಧವಾರದ ಗಲಾಟೆ ಆದಮೇಲೆ ಅವ್ವ, “ಆಯ್ತಪ್ಪಾ, ನಾಳೆಯಿಂದ ನಾನೇ ತೂಗಿ ಹಾಕ್ತೀನಿ. ಹೆಂಗೆ ಅಂತ ತೋರಿಸು” ಎಂದಿದ್ದಳು. ನನಗೆ ಖುಷಿಯೋ ಖುಷಿ. ಹೆಂಡತಿ ತೋರಿಸಿಕೊಟ್ಟಳು. ತಟ್ಟೆ ಇಡಬೇಕು, ಈ ಬಟನ್ ಒತ್ತಬೇಕು, ಸೊನ್ನೆ ಬರುತ್ತದೆ, ಆಮೇಲೆ ಬಡಿಸಬೇಕು. ಅವ್ವ ಬೆರಳು ಮುಂದೆ ಮಾಡಿ ಎರಡು ಸಲ ಒತ್ತಿ ನೋಡಿದಳು. ‘ಟುಂಯ್’ ಎಂದು ಸದ್ದು ಬಂದಾಗ ನಕ್ಕಳು. ಆ ನಗುವಿನ ಅರ್ಥ ನನಗೆ ಆಗಲೇ ತಿಳಿಯಬೇಕಿತ್ತು.

ಗುರುವಾರ ರಾತ್ರಿ ಅಡುಗೆಮನೆಯಿಂದ ಕರೆದಳು. “ಬಾರೋ, ಸೊನ್ನೆ ಬಂತು.”

ಹೋಗಿ ನೋಡಿದರೆ ಮಿಷನ್ ಮೇಲೆ ತಟ್ಟೆ. ತಟ್ಟೆಯಲ್ಲಿ ಗೋಪುರದ ಹಾಗೆ ಅನ್ನ, ಅದರ ಕಣಿವೆಗಳಲ್ಲಿ ತೊವ್ವೆ, ನೆತ್ತಿಯ ಗುಳಿಯಲ್ಲಿ ತುಪ್ಪದ ಕೆರೆ, ಪಕ್ಕದಲ್ಲಿ ಬದನೆಕಾಯಿ ಪಲ್ಯ. ಪಲ್ಯದ ಹಿಂದೆ ಅಡಗಿಕೊಂಡಂತೆ ಅರ್ಧ ಹೋಳಿಗೆ. ಮಿಷನ್ನಿನ ಕಿಟಕಿಯಲ್ಲಿ ಮಾತ್ರ ದೊಡ್ಡದಾಗಿ, ಸ್ಪಷ್ಟವಾಗಿ: 0.

“ಅವ್ವಾ, ಇದು...”

“ಏನೂ ಇಲ್ಲ ನೋಡು. ಸೊನ್ನೆ. ಮಿಷನ್ನೇ ಹೇಳ್ತೈತಲ್ಲ.”

ಎಲ್ಲ ಬಡಿಸಿ, ಕೊನೆಗೆ ಬಟನ್ ಒತ್ತಿದ್ದಳು. ತಮಾಷೆಗೆ ಮಾಡಿದಳೋ, ನಿಜವಾಗಿ ಹಾಗೇ ಅಂದುಕೊಂಡಳೋ ನನಗೆ ಇವತ್ತಿಗೂ ಗೊತ್ತಾಗಿಲ್ಲ. ಆ ಮುಖದಲ್ಲಿ ಏನೂ ಕಾಣುವುದಿಲ್ಲ. ನಾನು ಮಾತಾಡದೆ ತಟ್ಟೆ ಎತ್ತಿದೆ. ಮಿಷನ್ ಪಾಪ, ತನಗೆ ಗೊತ್ತಿದ್ದ ಸತ್ಯ ಹೇಳಿತು: ಮೈನಸ್ 845.

ಅವ್ವ ಬಗ್ಗಿ ನೋಡಿದಳು. “ಅಯ್ಯೋ, ಇನ್ನೂ ಕಡಿಮೆ ಆಯ್ತಲ್ಲೋ! ಇನ್ನೊಂದು ಸೌಟು ಹಾಕಲಾ?”

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಹಿತ್ತಲಿಗೆ ಹೋದಳು. ಮಗಳು ಮೊಬೈಲ್ ತರಲು ಓಡಿದಳು. ನಾನು ಊಟ ಮಾಡಿದೆ. ಬಿಟ್ಟರೆ ಅನ್ನಕ್ಕೆ ಅವಮಾನ ಅಲ್ವಾ?

ಶುಕ್ರವಾರ ಬೆಳಿಗ್ಗೆ ಹೆದರಿಕೊಂಡೇ ಮೆಡಿಕಲ್ ಶಾಪಿನ ಮುಂದಿನ ಮಿಷನ್ ಹತ್ತಿದೆ. 79.9! ಒಂದೂವರೆ ಕೇಜಿ ಕಡಿಮೆ! ಮನೆಗೆ ಬಂದು ಬೆಲ್ಟಿನ ತೂತು ತೋರಿಸಿ ಹೇಳಿಕೊಂಡೆ. ಮಗಳು ತಲೆ ಎತ್ತದೆ, “ಅದು ಕೊಬ್ಬಲ್ಲಪ್ಪ, ನೀರು” ಎಂದಳು. ಮೈಯಲ್ಲಿ ಗ್ಲೈಕೋಜನ್ ಅಂತ ಸಕ್ಕರೆಯ ದಾಸ್ತಾನು ಇರುತ್ತದಂತೆ, ಅದರ ಒಂದೊಂದು ಗ್ರಾಂ ಜೊತೆ ಸುಮಾರು ಮೂರು ಗ್ರಾಂ ನೀರು. ಊಟ ಕಡಿಮೆ ಮಾಡಿದರೆ ಮೊದಲು ಹೋಗುವುದು ಅದೇ. ಒಂದು ಕೇಜಿ ಕೊಬ್ಬು ಕರಗಬೇಕಾದರೆ ಸುಮಾರು 7700 ಕ್ಯಾಲೊರಿ ಉಳಿಸಬೇಕು. ದಿನಕ್ಕೆ 500 ಉಳಿಸಿದರೂ ವಾರಕ್ಕೆ ಅರ್ಧ ಕೇಜಿ ಆಗುವುದಿಲ್ಲ. ಇಂಥ ಮಕ್ಕಳಿಗೆ ಸೈನ್ಸ್ ಕೊಡಿಸಬಾರದಿತ್ತು.

ಆಫೀಸಿನ ಕಥೆ ಬೇರೆ. ಸಂಜೆಗೆ ಒಂದು ಬಟ್ಟಲು ಮಂಡಕ್ಕಿ ತಿನ್ನಬಹುದು ಎಂದು ಚೀಟಿಯಲ್ಲಿತ್ತು. ನಾಲ್ಕೂವರೆಗೆ ಡಬ್ಬಿಯಿಂದ ಬರೀ ಮಂಡಕ್ಕಿ ತೆಗೆದು ಬಾಯಿಗೆ ಹಾಕಿಕೊಂಡೆ. ಎದುರಿನ ಟೇಬಲ್ಲಿನವರು ಪೇಪರ್ ಮೇಲೆ ಒಗ್ಗರಣೆ ಮಂಡಕ್ಕಿ ಸುರಿದುಕೊಂಡು, ಬಿಸಿ ಮೆಣಸಿನಕಾಯಿ ಬಜ್ಜಿಯ ತುದಿ ಕಚ್ಚುತ್ತಾ ನನ್ನನ್ನು ಮರುಕದಿಂದ ನೋಡಿದರು. “ಬರೀ ಮಂಡಕ್ಕಿ ಚಟ್ಟದ ಮುಂದೆ ಎರಚೋದಕ್ಕೆ ಸಾರ್. ಬದುಕಿರೋರು ಮೆಣಸಿನಕಾಯಿ ಜೊತೆ ತಿನ್ಬೇಕು.” ಈ ಮಾತಿಗೆ ಯಾವ ಡಯಟಿಷಿಯನ್ ಹತ್ತಿರ ಉತ್ತರ ಇದೆ ಹೇಳಿ. ಒಂದೇ ಒಂದು ತಿಂದೆ. ಬರೆದುಕೊಳ್ಳಲಿಲ್ಲ.

ಅವ್ವನಿಗೆ ಅಳತೆ ಗೊತ್ತಿಲ್ಲ ಎಂದುಕೊಳ್ಳಬೇಡಿ. ಅಪ್ಪ ಹತ್ತಿ ಗಿರಣಿಯಲ್ಲಿದ್ದರು. ಊರಿನ ಗಿರಣಿಗಳು ಒಂದೊಂದೇ ಬಾಗಿಲು ಹಾಕಿಕೊಂಡ ಕಾಲದಲ್ಲಿ ನಾವು ಮನೆಯಲ್ಲಿ ಐದು ಜನ. ಡಬ್ಬದಿಂದ ಹಿತ್ತಾಳೆಯ ಪಾವಿನಲ್ಲಿ ಅಕ್ಕಿ ತೆಗೆದು, ಅಂಗೈಯಿಂದ ಅದರ ತಲೆ ಸವರುತ್ತಿದ್ದಳು. ಮೇಲಿದ್ದ ಕಾಳು ವಾಪಸ್ ಡಬ್ಬಕ್ಕೆ ಬೀಳುವ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಹೊತ್ತಿಗೆ ಎರಡು ಪಾವು. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಡಿಮೆ ಇಲ್ಲ. ಆದರೆ ಅದೆಲ್ಲ ಒಲೆಗೆ ಇಡುವ ಮುಂಚೆ. ಬೆಂದ ಮೇಲೆ ಅಳತೆ ಇಲ್ಲ. ಕೇಳಿದವರಿಗೆ ಕೇಳಿದಷ್ಟು. ಕೊನೆಗೆ ತಾನು ಕೂತು, “ನನಗೆ ಒಂಚೂರು ಸಾಕು” ಎನ್ನುತ್ತಿದ್ದಳು.

ಈಗಲೂ ಹಾಗೇ ಅನ್ನುತ್ತಾಳೆ. ಶುಕ್ರವಾರ ರಾತ್ರಿ ಅವ್ವ ತನಗೆ ಬಡಿಸಿಕೊಂಡು ಮಜ್ಜಿಗೆ ತರಲು ಎದ್ದಳು. ನಾನು ಆ ತಟ್ಟೆಯನ್ನು ಮೆಲ್ಲಗೆ ಮಿಷನ್ ಮೇಲಿಟ್ಟೆ. ನಮ್ಮನೆ ಸ್ಟೀಲ್ ತಟ್ಟೆ 310 ಗ್ರಾಂ ಎನ್ನುವುದು ಈಗ ನನಗೆ ಬಾಯಿಪಾಠ. ಕಳೆದರೆ 55. ನನ್ನ ಸೋಮವಾರದ ಊಟಕ್ಕಿಂತ ಐದು ಗ್ರಾಂ ಕಡಿಮೆ. ತಟ್ಟೆ ಇದ್ದಲ್ಲೇ ಇಟ್ಟು ಸುಮ್ಮನೆ ಕೂತೆ.

ಹಾಗಂತ ಸಿಟ್ಟು ಹೋಗಿದೆ ಎಂದಲ್ಲ. ಸೆಲ್ ಕಿತ್ತುಕೊಂಡಿದ್ದು ತಪ್ಪು ತಪ್ಪೇ. ಬೆಳಿಗ್ಗೆ ಉಪ್ಪಿಟ್ಟಿಗೆ ತೂಕವೇ ಇಲ್ಲ. ಅಂಗಡಿಗೆ ಹೋಗಿ ನಾಲ್ಕು ಸೆಲ್ ತಂದೆ. ಎರಡು ರಿಮೋಟಿಗೆ, ಎರಡು ಮಿಷನ್ನಿಗೆ. ಇನ್ನು ಯಾರೂ ಯಾರದ್ದನ್ನೂ ಮುಟ್ಟಬಾರದು ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿ, ಈ ಕಡೆ ಬಂದು ಬರೆಯಲು ಕೂತಿದ್ದೇನೆ. ಹೊಟ್ಟೆ ಚುರುಗುಡುತ್ತಿದೆ. ಎದುರಿಗಿರುವುದು ಅರ್ಧ ಸೌತೆಕಾಯಿ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು. ಸೌಟಿನ ಸದ್ದು. ಸೌಟಿನ ಸದ್ದು ಇನ್ನೊಂದು ಸಲ. ಆಮೇಲೆ ‘ಟುಂಯ್’.

“ಬಾರೋ, ಸೊನ್ನೆ ಬಂತು.”