ಯಾರ ಕೂಡ ಹಿಡಿದಾನ?

ನಮ್ಮ ಗದಗ-ಬೆಟಗೇರಿಯಲ್ಲಿ ಒಬ್ಬ ಪೈಲವಾನನ ಮಾತು ಬಂದರೆ ಗರಡಿ ಮನೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ ಇದು. ಎಷ್ಟು ಕುಸ್ತಿ ಗೆದ್ದ ಅಂತ ಮೊದಲು ಯಾರೂ ಕೇಳುವುದಿಲ್ಲ. "ಯಾರ ಕೂಡ ಹಿಡಿದಾನ?" ಆಮೇಲೆ "ಎಲ್ಲಿ ಹಿಡಿದಾನ?" ಸೋತಿದ್ದರೆ "ತೀರಿಸ್ಯಾನೋ ಇಲ್ಲೋ?" ಈ ಮೂರಕ್ಕೂ ಉತ್ತರ ಸಿಕ್ಕ ಮೇಲೆಯೇ ಬೆಳ್ಳಿ ಕಡಗ, ಗದೆಯ ಮಾತು.

ನಾನು ಊರು ಬಿಟ್ಟು 17 ವರ್ಷವಾಯಿತು. ಈಗ ಇರುವುದು ಅಮೆರಿಕದ ಬಾಸ್ಟನ್ ಹತ್ತಿರ. ಅಲ್ಲಿಂದ ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಬ್ರಾಕ್ಟನ್ ಸಿಗುತ್ತದೆ. ಒಂದು ಕಾಲಕ್ಕೆ ಬೂಟಿನ ಕಾರ್ಖಾನೆಗಳಿಂದ ತುಂಬಿದ್ದ ಊರು. ಈಗ ಆ ಕೆಲಸ ಇಲ್ಲ. ಮಗ್ಗದ ಸದ್ದು ಕಡಿಮೆಯಾದ ಬೆಟಗೇರಿಯ ಓಣಿಗಳು ನನಗೆ ಅಲ್ಲಿ ನೆನಪಾಗುತ್ತವೆ. ಒಂದೂ ಸೋಲಿಲ್ಲದೆ 49 ಪಂದ್ಯ ಗೆದ್ದ ಹೆವಿವೇಟ್ ಬಾಕ್ಸರ್ ರಾಕಿ ಮಾರ್ಸಿಯಾನೊ ಹುಟ್ಟಿದ್ದು ಅಲ್ಲಿ. ನನ್ನ ಮನಸ್ಸಿಗೆ ಹತ್ತಿರವಾದ ಬಾಕ್ಸರ್ ಮಾರ್ವಿನ್ ಹ್ಯಾಗ್ಲರ್ ಬೆಳೆದಿದ್ದೂ ಅಲ್ಲೇ. ನ್ಯೂಜೆರ್ಸಿಯ ನ್ಯೂಆರ್ಕ್‌ನಲ್ಲಿ 1967ರಲ್ಲಿ ಆದ ಗಲಭೆಯ ನಂತರ ಅವನ ಮನೆಯವರು ಆ ಊರು ಬಿಟ್ಟು ಬಂದರು. ಪೆಟ್ರೊನೆಲ್ಲಿ ಅಣ್ಣತಮ್ಮಂದಿರು ಅವನಿಗೆ ತಮ್ಮ ಕಟ್ಟಡದ ಕಂಪನಿಯಲ್ಲಿ ಕೆಲಸ ಕೊಟ್ಟರು, ತಮ್ಮ ಜಿಮ್‌ನಲ್ಲಿ ತಾಲೀಮು ಕೊಟ್ಟರು. ಹೆಸರು, ದುಡ್ಡು ಎಲ್ಲ ಬಂದ ಮೇಲೂ ಆ ಉಸ್ತಾದರನ್ನು ಅವನು ಬಿಡಲಿಲ್ಲ.

ಹ್ಯಾಗ್ಲರ್ ಮಿಡಲ್‌ವೇಟ್. ಅಂದರೆ 160 ಪೌಂಡ್, ನಮ್ಮ ಲೆಕ್ಕದಲ್ಲಿ ಸುಮಾರು 72.5 ಕಿಲೋ. ಈ ತೂಕದಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು? ನಾನು ಕೆಲಸ ಮಾಡುವ ಕಡೆ ಊಟದ ಹೊತ್ತಿಗೆ ಈ ವಾದ ಶುರುವಾದರೆ ಮೊದಲು ಬರುವುದು ಅಂಕಿ. ಬರ್ನಾರ್ಡ್ ಹಾಪ್ಕಿನ್ಸ್ 20 ಸಲ ಪಟ್ಟ ಉಳಿಸಿಕೊಂಡ. ಅರ್ಜೆಂಟೀನಾದ ಕಾರ್ಲೋಸ್ ಮೊನ್ಜೋನ್ 14 ಸಲ. ಹ್ಯಾಗ್ಲರ್ 12 ಸಲ. ಹಾಗಾದರೆ ಈ ಮೂವರಲ್ಲಿ ಹ್ಯಾಗ್ಲರ್ ಮೂರನೆಯವನು, ಮುಗೀತು. ಅಷ್ಟು ಬೇಗ ಮುಗಿಯುವ ಮಾತಾ ಇದು?

ಬೆಟಗೇರಿಯ ಮೂರು ಪ್ರಶ್ನೆ ಕೇಳಿ ನೋಡೋಣ.

ಎಲ್ಲಿ ಹಿಡಿದಾನ? 1970ರ ದಶಕದಲ್ಲಿ ಗಟ್ಟಿ ಮಿಡಲ್‌ವೇಟ್‌ಗಳು ಇದ್ದದ್ದು ಫಿಲಡೆಲ್ಫಿಯಾದಲ್ಲಿ. ಹ್ಯಾಗ್ಲರ್ ಅವರನ್ನು ಬ್ರಾಕ್ಟನ್‌ಗೆ ಬನ್ನಿ ಅನ್ನಲಿಲ್ಲ, ತಾನೇ ಅಲ್ಲಿಗೆ ಹೋದ. 1976ರಲ್ಲಿ ಅಲ್ಲಿ ಎರಡು ಸಲ ಸೋತ, ಬಾಬಿ ವಾಟ್ಸ್‌ಗೆ ಒಮ್ಮೆ, ವಿಲ್ಲಿ ಮನ್ರೋಗೆ ಒಮ್ಮೆ. ಆದರೂ ಮತ್ತೆ ಹೋದ. ವಿಶ್ವ ಪಟ್ಟ ಗೆದ್ದದ್ದೂ ಪರಊರಲ್ಲೇ. 1980ರ ಸೆಪ್ಟೆಂಬರ್, ಲಂಡನ್ನಿನ ವೆಂಬ್ಲಿ, ಅವರ ಮನೆಮಗ ಅಲನ್ ಮಿಂಟರ್ ಎದುರು. ಮೂರೇ ಸುತ್ತು. ಜನ ಬಾಟಲಿ ಎಸೆದರು. ರಿಂಗ್‌ನಲ್ಲಿ ನಿಂತು ಬೆಲ್ಟ್ ಕಟ್ಟಿಸಿಕೊಳ್ಳುವುದಕ್ಕೂ ಆಗದೆ ಅವನು ಒಳಗೆ ಓಡಬೇಕಾಯಿತು. ಏಳು ವರ್ಷ ಕಾದು ಗೆದ್ದ ದಿನ ಹೀಗೆ ಮುಗಿಯಿತು ಅಂತ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ತೀರಿಸ್ಯಾನೋ ಇಲ್ಲೋ? ಒಟ್ಟು 67 ಪಂದ್ಯ. 62 ಗೆಲುವು, 3 ಸೋಲು, 2 ಬರೋಬರಿ. ಮನ್ರೋನನ್ನು 1977ರಲ್ಲಿ ಎರಡು ಸಲ ಕೆಡವಿದ. ವಾಟ್ಸ್‌ನನ್ನು 1980ರಲ್ಲಿ ಎರಡನೇ ಸುತ್ತಿಗೇ ಮುಗಿಸಿದ. ಬರೋಬರಿ ಆಗಿದ್ದ ಸೀಲ್ಸ್, ಆಂಟುಫೆರ್ಮೊ ಇಬ್ಬರನ್ನೂ ಮತ್ತೆ ಎದುರಿಸಿ ನಿಲ್ಲಿಸಿದ. ಬಾಕಿ ಉಳಿದದ್ದು ಒಂದೇ, 1987ರ ಏಪ್ರಿಲ್‌ನಲ್ಲಿ ರೇ ಲಿಯೊನಾರ್ಡ್ ಎದುರಿನದು. ಒಬ್ಬ ತೀರ್ಪುಗಾರ ಹ್ಯಾಗ್ಲರ್‌ಗೆ 115-113 ಕೊಟ್ಟ. ಇನ್ನೊಬ್ಬ ಅದೇ ಅಂಕಿಯನ್ನು ಲಿಯೊನಾರ್ಡ್‌ಗೆ ಕೊಟ್ಟ. ಮೂರನೆಯವನು ಲಿಯೊನಾರ್ಡ್‌ಗೆ 118-110 ಬರೆದ. ಆ ಮೂರನೆಯ ಚೀಟಿಯನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಹ್ಯಾಗ್ಲರ್‌ನದೂ ತಪ್ಪಿದೆ. 15 ಸುತ್ತಿನ ಬದಲು 12ಕ್ಕೆ ಒಪ್ಪಿದ. ಎಡಗೈಯವನಾಗಿ ಜಗತ್ತನ್ನು ಗೆದ್ದವನು ಮೊದಲ ಸುತ್ತುಗಳನ್ನು ಬಲಗೈಯವನ ಹಾಗೆ ನಿಂತು ಆಡಿದ. ಆ ಸುತ್ತುಗಳು ಸುಮ್ನೆ ಕೈಬಿಟ್ಟು ಹೋದವು.

ನಮ್ಮಲ್ಲಿ ನಿಕಾಲಿ ಕುಸ್ತಿ ಅಂತ ಇದೆ. ಯಾರಾದರೊಬ್ಬರು ಚಿತ್ ಆಗುವವರೆಗೂ ನಡೆಯಬೇಕು, ಅಂಕದ ಮಾತಿಲ್ಲ. ಅದು ನಿಕಾಲಿ ಆಗಿದ್ದರೆ? ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಇನ್ನೊಂದು ಪಂದ್ಯ ಸಿಗದೆ ಹ್ಯಾಗ್ಲರ್ ಬಾಕ್ಸಿಂಗ್ ಬಿಟ್ಟ, ಮತ್ತೆ ರಿಂಗ್‌ಗೆ ಇಳಿಯಲೇ ಇಲ್ಲ.

ಇನ್ನು ಹಾಪ್ಕಿನ್ಸ್‌ನ 20. ಅವನ ಶಿಸ್ತಿನ ಬಗ್ಗೆ ನನಗೆ ಬಹಳ ಗೌರವ. ಆದರೆ 1995ರಿಂದ 2001ರವರೆಗೆ ಅವನ ಹತ್ತಿರ ಇದ್ದದ್ದು ಒಂದು ಸಂಸ್ಥೆಯ ಬೆಲ್ಟ್ ಮಾತ್ರ. ಬೇರೆ ಬೆಲ್ಟ್ ಬೇರೆಯವರ ಸೊಂಟದಲ್ಲಿತ್ತು. ಹ್ಯಾಗ್ಲರ್ ಮೊದಲ ದಿನದಿಂದಲೇ ಪೂರ್ತಿ ಪಟ್ಟದ ಒಡೆಯ. ಬರೀ ಎಣಿಸುವವರಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಧಾರವಾಡದ ಕಡೆ ಗಾಯಕರ ಬಗ್ಗೆ ಮಾತಾಡುವುದನ್ನು ಕೇಳಿದ್ದೀರಲ್ವಾ? ಮಲ್ಲಿಕಾರ್ಜುನ ಮನ್ಸೂರರದು ಜೈಪುರ-ಅತ್ರೌಲಿ ಘರಾಣೆ. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಕಿರಾಣಾದವರು. ಬಲ್ಲವರು ಇವರನ್ನು ಒಂದೇ ಪಟ್ಟಿಯಲ್ಲಿ ಮೇಲೆ ಕೆಳಗೆ ಬರೆಯುವುದಿಲ್ಲ. ಎಷ್ಟು ಕಚೇರಿ ಮಾಡಿದರು ಅಂತ ಎಣಿಸುವುದೂ ಇಲ್ಲ. ಒಂದು ರಾಗವನ್ನು ಅವತ್ತು ಹೇಗೆ ಎತ್ತಿಕೊಂಡರು ಅನ್ನುವುದರ ಮೇಲೇ ರಾತ್ರಿಯೆಲ್ಲಾ ಮಾತು. ಈ ಗುಣ ನನಗೆ ತುಂಬಾ ಇಷ್ಟ.

ನಮ್ಮವರ ಇನ್ನೊಂದು ಗುಣ ಅಂದರೆ ಕಣ್ಣಾರೆ ಕಂಡವರ ಮಾತಿಗೆ ಬೆಲೆ ಕೊಡುವುದು. ಹ್ಯಾರಿ ಗ್ರೆಬ್ ಅಂತ ಒಬ್ಬನಿದ್ದ. 1923ರಿಂದ 1926ರವರೆಗೆ ಮಿಡಲ್‌ವೇಟ್ ಚಾಂಪಿಯನ್. ಸುಮಾರು 300 ಪಂದ್ಯ ಆಡಿದವನು. ಒಂದು ಕಣ್ಣು ಹೋದ ಮೇಲೂ ಆಡಿದ. ಮುಂದೆ ಹೆವಿವೇಟ್ ಚಾಂಪಿಯನ್ ಆದ ಜೀನ್ ಟನ್ನಿಯನ್ನು ಸೋಲಿಸಿದ್ದು ಅವನೊಬ್ಬನೇ. ಆದರೆ ಅವನ ಒಂದು ಪಂದ್ಯದ ಫಿಲ್ಮೂ ಉಳಿದಿಲ್ಲ. ನೋಡದೆ ಹೇಗೆ ನಂಬುವುದು ಅಂತ ನನ್ನ ಜೊತೆ ಕೆಲಸ ಮಾಡುವ ಹುಡುಗರು ಅವನನ್ನು ಪಕ್ಕಕ್ಕಿಡುತ್ತಾರೆ. ನಮ್ಮ ಅಜ್ಜಂದಿರ ಕಾಲದ ಪೈಲವಾನರ ಫಿಲ್ಮ್ ಯಾರ ಹತ್ತಿರ ಇದೆ? ಎದುರಿಗೆ ಹಿಡಿದು ಸೋತವನೇ ಹೊಗಳಿದರೆ ನಮಗೆ ಅದು ಸಾಕಾಗಿತ್ತು. ನನ್ನ ಲೆಕ್ಕದಲ್ಲಿ ಈ ತೂಕದಲ್ಲಿ ಗ್ರೆಬ್ ಮೊದಲು, ಹ್ಯಾಗ್ಲರ್ ಎರಡನೆಯವನು.

ಹೋದ ಸಲ ಊರಿಗೆ ಬಂದಾಗ ಗರಡಿಯ ಒಬ್ಬ ಹಿರಿಯರಿಗೆ ಹ್ಯಾಗ್ಲರ್-ಹರ್ನ್ಸ್ ಪಂದ್ಯ ಮೊಬೈಲ್‌ನಲ್ಲಿ ತೋರಿಸಿದೆ. 1985ರದು, ಸುಮಾರು ಎಂಟೇ ನಿಮಿಷ. ಅವರಿಗೆ ಬಾಕ್ಸಿಂಗ್ ಗೊತ್ತಿಲ್ಲ. ಆದರೆ ಜಾತ್ರೆ ಕುಸ್ತಿಗೆ ತಕ್ಕಡಿ ಇಲ್ಲದೆ ಬರೀ ಕಣ್ಣಳತೆಯಲ್ಲಿ ಜೋಡಿ ಹಚ್ಚಿದವರು. ಮೊದಲ ಸುತ್ತು ಮುಗಿಯುವುದರೊಳಗೆ ಕೇಳಿದರು: "ಈ ಉದ್ದನ್ನವ ಇದs ತೂಕದವನೇನು? ಕೆಳಗಿಂದ ಏರಿ ಬಂದಂಗ ಕಾಣ್ತಾನ."

ಯಾರ ಕೂಡ ಹಿಡಿದಾನ ಅನ್ನುವ ಮೊದಲ ಪ್ರಶ್ನೆಯನ್ನೇ ಕೇಳಿ ನನ್ನ ವಾದದ ದುರ್ಬಲ ಜಾಗಕ್ಕೇ ಕೈ ಹಾಕಿದ್ದರು. ಹರ್ನ್ಸ್ ಮೊದಲು 147 ಪೌಂಡ್‌ನವನು. ಲಿಯೊನಾರ್ಡ್ ಕೂಡ. ಡುರಾನ್ ಅಂತೂ 135ರಿಂದ ಮೇಲೆ ಬಂದವನು, 1983ರಲ್ಲಿ ಹ್ಯಾಗ್ಲರ್ ಎದುರು 15 ಸುತ್ತೂ ನಿಂತ. ಹ್ಯಾಗ್ಲರ್‌ನ ದೊಡ್ಡ ಹೆಸರಿನ ಗೆಲುವುಗಳು ಸಣ್ಣ ತೂಕದಿಂದ ಬಂದವರ ಮೇಲಿನವು. ಮೊನ್ಜೋನ್ ಕೊನೆಗೆ ಎರಡು ಸಲ ಗೆದ್ದದ್ದು ರೊಡ್ರಿಗೊ ವಾಲ್ಡೆಸ್ ಮೇಲೆ, ಅವನು ಅಪ್ಪಟ ಮಿಡಲ್‌ವೇಟ್. ಈ ಒಂದು ವಿಷಯದಲ್ಲಿ ಮೊನ್ಜೋನ್ ಮುಂದಿದ್ದಾನೆ ಅಂತ ಒಪ್ಪಲೇಬೇಕು.

ನಾನು ಹಿರಿಯರಿಗೆ ಹೇಳಿದೆ, ಹೌದು, ಏರಿ ಬಂದವನೇ, ಆದರೆ ಎತ್ತರ ನೋಡಿ, ಕೈಯ ಉದ್ದ ನೋಡಿ. ಅವರು ಮಾತಾಡಲಿಲ್ಲ. ಮೂರನೇ ಸುತ್ತು ಬಂತು. ಹ್ಯಾಗ್ಲರ್‌ನ ಹಣೆ ಒಡೆದು ರಕ್ತ ಸುರಿಯುತ್ತಿತ್ತು. ರೆಫರಿ ಪಂದ್ಯ ತಡೆದು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದ. ಇನ್ನು ನಿಲ್ಲಿಸಿಬಿಡುತ್ತಾರೆ ಅನ್ನುವ ಹೊತ್ತು. ಡಾಕ್ಟರ್ ಬಿಟ್ಟ ತಕ್ಷಣ ಹ್ಯಾಗ್ಲರ್ ಮುನ್ನುಗ್ಗಿದ, ಹರ್ನ್ಸ್ ಬಿದ್ದ.

ಹಿರಿಯರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿಕೊಂಡರು. "ಆ ಡಾಕ್ಟರ್ ನೋಡಿದ ಮ್ಯಾಲಿಂದು ಇನ್ನೊಮ್ಮೆ ಹಚ್ಚು" ಅಂದರು.